ಮೊದಲ ಕೇಳ್ರಿ, ಆಮ್ಯಾಲ ಟಿಕೀಟು ತಗಸ್ರಿ

ನಮ್ಮ ಮನಿಯವರೆಲ್ಲಾ ಕೂಡಿ ಸಿಂಗಾಪುರಕ್ಕ ಹೊಂಟೇವಿ ಅನ್ನೂ ಸುದ್ದಿ ಓಣಿ ತುಂಬ ಹಬ್ಬಿ ಹದಿನೈದು ದಿನ ಆತು. ದಿನಾ ಯಾರರೆ ಒಬ್ಬರು ಗೇಟಿನ ಹಂತ್ಯಾಕ ನಿಂತು ಕೇಳ್ತಾರ, "ಅಕ್ಕಾರ, ನಿಮ್ಮ ಅತ್ತೀನೂ ಕರ್ಕೊಂಡು ಹೊಂಟೀರಂತಲ್ಲ, ಖರೇನ?" ಆ "ಖರೇನ" ಅನ್ನೂದ್ರಾಗ ಅರ್ಧ ಕಾಳಜಿ ಇರ್ತೈತಿ, ಇನ್ನರ್ಧ "ಇವರಿಗೇನು ಹುಚ್ಚು ಹಿಡದೈತೇನು" ಅನ್ನೂದು ಇರ್ತೈತಿ. ಒಬ್ಬೊಬ್ಬರಿಗೆ ಹೇಳಿ ನನ್ನ ಬಾಯಿ ದಣದೈತಿ. ಅದಕ್ಕ ಇಲ್ಲೇ ಒಮ್ಮೆ ಪೂರಾ ಬರದಬಿಡ್ತೇನಿ. ನಿಮ್ಮ ಮನಿಯೊಳಗೂ ಇಂಥಾ ಮಾತು ಎದ್ದಿದ್ರ ನನ್ನ ಅಭಿಪ್ರಾಯ ನಿಮ್ಮ ಕಿವಿಗೆ ಬಿದ್ದಿರ್ಲಿ.

ಸುರು ಆಗಿದ್ದು ಯುಗಾದಿ ದಿನ. ಮೂರೂ ಮಂದಿ ಅಣ್ಣತಮ್ಮರು, ಅವರ ಮಕ್ಕಳು, ನನ್ನ ಮಗ, ಸೊಸಿ, ನಾಕು ವರ್ಷದ ಮೊಮ್ಮಗ ಎಲ್ಲಾರೂ ಧಾರವಾಡದ ಮನಿಯೊಳಗ ಕೂಡಿದ್ವಿ. ಹೋಳಿಗಿ ಊಟ ಆಗಿ ಗಂಡಸರೆಲ್ಲಾ ಪಡಸಾಲ್ಯಾಗ ಅಡ್ಡಾಗಿದ್ರು. ಬೆಂಗಳೂರಿನ ಸಣ್ಣ ಮೈದುನ ಫೋನ್ ನೋಡ್ಕೊಂತ ಅಂದ, "ಅವ್ವ ಗಟ್ಟಿ ಇರೂತನಕ ಎಲ್ಲಾರೂ ಕೂಡಿ ಒಮ್ಮೆ ಫಾರಿನ್ ಹೋಗಿ ಬರೂಣು." ಅತ್ತಿ ಅಲ್ಲೇ ಗೋಡಿಗೆ ಆತು ಕುಂತಿದ್ರು. "ನೀವು ಹೋಗಿ ಬರ್ರೆಪಾ, ನಾ ಮನಿ ಕಾಯ್ತೇನಿ" ಅಂದ್ರು. ಯಾರೂ ಹೊಳ್ಳಿ ಒಂದು ಮಾತು ಕೇಳಲಿಲ್ಲ. ಸಂಜೀಕ ವಾಟ್ಸಾಪಿನ್ಯಾಗ "ಫ್ಯಾಮಿಲಿ ಟ್ರಿಪ್" ಅಂತ ಗುಂಪು ಹುಟ್ಟಿತು. ಅವ್ವನ ಹೆಸರಿಲೆ ಹುಟ್ಟಿದ ಗುಂಪಿನ್ಯಾಗ ಅವ್ವನ ಇಲ್ಲ. ಅವರ ಕಡೆ ಇರೂದು ಗುಂಡಿ ಒತ್ತೂ ಫೋನು.

ಖರೇ ಹೇಳ್ಬೇಕಂದ್ರ, ಅತ್ತಿ ಹಂಗ ಅಂದಾಗ ನನಗೂ ಒಳಗಿಂದೊಳಗ ಹಗುರ ಆತು. 79 ವರ್ಷದವರು, ಬಿಪಿ ಗುಳಗಿ, ಮೊಳಕಾಲು ನೋವು. ಮೂವತ್ತು ವರ್ಷ ಅವರ ಜೋಡಿನ ಇದ್ದೇನಿ, ಒಂದಾರು ದಿನ ಯಾರ ಗುಳಗಿನೂ ಎಣಸದ ಅಡ್ಡಾಡಿ ಬರಬೇಕು ಅನ್ನೂ ಆಸೆ ನನಗೂ ಇರಂಗಿಲ್ಲೇನ್ರಿ? ಇದನ್ನ ಮುಚ್ಚಿಟ್ಟು ಉಳಿದವರಿಗೆ ಬುದ್ಧಿ ಹೇಳಾಕ ನಿಂತ್ರ ಅದು ನ್ಯಾಯ ಅಲ್ಲ, ಅದಕ್ಕ ಮೊದಲ ಹೇಳಿಬಿಟ್ಟೆ.

ಗುಂಪಿನ್ಯಾಗ ಮೊದಲ ಬಂದಿದ್ದು ಯುರೋಪು. ಹುಬ್ಬಳ್ಳಿ ಮೈದುನನ ಮಗ ಇಂಜಿನಿಯರಿಂಗ್ ಓದ್ತಾನ, ಅವಂದು ಸಲಹೆ: ಹತ್ತು ದಿನ, ಐದು ದೇಶ. ದಿನಾ ಮುಂಜಾನೆ ಏಳಕ್ಕ ಸೂಟ್‌ಕೇಸು ಬಸ್ಸಿಗೆ ಹಾಕೂದು, ದಿನಾ ರಾತ್ರಿ ಹೊಸಾ ಹೋಟೆಲಿನ್ಯಾಗ ತಗಿಯೂದು. ಇದು ಪ್ರವಾಸ ಅಲ್ಲ, ವರ್ಗಾವಣಿ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಅಂತ ಹಿಮದ ಗುಡ್ಡ ಐತಲ್ಲ, ಅಲ್ಲೆ ರೈಲು ಮುಟ್ಟೂದು 3,454 ಮೀಟರ್ ಎತ್ತರಕ್ಕ. ನಮ್ಮ ಧಾರವಾಡ ಇರೂದು ಸುಮಾರು 750 ಮೀಟರ್ ಮ್ಯಾಲ. ಬಿಪಿ ಇದ್ದವರು ಅಲ್ಲೆ ಹೋಗೂ ಮುಂಚೆ ಡಾಕ್ಟರರನ್ನ ಕೇಳಬೇಕು. ವೀಸಾಕ್ಕ ಬೆರಳಚ್ಚು ಕೊಡಾಕ ಖುದ್ದ ಬೆಂಗಳೂರಿಗೆ ಹೋಗಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾಫಿ ಐತಿ, ಅಜ್ಜಿದಿರಿಗೆ ಇಲ್ಲ. ಆದ್ರ ಯುರೋಪು ಬಿದ್ದು ಹೋಗಿದ್ದು ಇದ್ಯಾವುದರಿಂದಾನೂ ಅಲ್ಲ. ಹೆಂಗ ಅಂತ ಮುಂದ ಹೇಳ್ತೇನಿ.

ಎರಡನೇದು ಬಾಲಿ. ಸಣ್ಣ ಮೈದುನ ಫೋಟೋ ಹಾಕಿದ. ದೊಡ್ಡ ಬಂಗಲೆ, ಅಂಗಳದಾಗ ಈಜೂ ಹೊಂಡ, ಐದು ಮಲಗೂ ಕೋಣಿ, ಅಡಗಿ ಮನಿ. ಕೆಳಗ ಬರದಿದ್ದ, "ಕಿಚನ್ ಐತಿ, ಹೊರಗಿನ ಊಟದ ಚಿಂತಿ ಇಲ್ಲ. ವೈನಿ ಕೈಯಾಗಿನ ರೊಟ್ಟಿ ಉಣಕೊಂತ ಮಜಾ ಮಾಡೂಣು." ಎಲ್ಲಾರೂ ನಗೂ ಮಾರಿ ಹಾಕಿದ್ರು. ನನ್ನ ಮಗನೂ ಹಾಕಿದ.

ನಾನು ಎರಡು ತಾಸು ಏನೂ ಬರೀಲಿಲ್ಲ. ಕುಕ್ಕರ್ ಇಳಿಸಿ, ಮಜ್ಜಿಗಿ ಕಡದು, ಆಮ್ಯಾಲ ಬರದೆ: "ಹದಿಮೂರು ಮಂದಿಗೆ ರೊಟ್ಟಿ ಬಡಿಯಾಕ ಬಾಲಿತನಕ ಯಾಕ ಬರ್ಲಿ? ಇಲ್ಲೇ ಬಡೀತೇನಿ, ನೀವ ಇಲ್ಲಿಗೆ ಬರ್ರಿ." ಮೈದುನ ಫೋನ್ ಮಾಡಿ, "ವೈನಿ, ನೀವು ಸಿಟ್ಟಾಗ್ಯಾರಿ. ನಾವೆಲ್ಲಾ ಹೆಲ್ಪ್ ಮಾಡ್ತೇವಿ" ಅಂದ. ಅವನು ಒಳ್ಳೆ ಹುಡುಗ, ನಾ ಈ ಮನಿಗೆ ಬಂದಾಗ ಹೈಸ್ಕೂಲಿಗೆ ಹೋಗ್ತಿದ್ದ. ಆದ್ರ ಹೆಲ್ಪ್ ಅಂದ್ರ ಏನಂತ ನಮಗ ಗೊತ್ತೈತಲ್ರಿ? ಸೌತಿಕಾಯಿ ಹೆಚ್ಚೂದು. ಮುಂಜಾನೆ ಎದ್ದು ಹಾಲು ಎಲ್ಲೆ ಸಿಗ್ತೈತಿ, ಗ್ಯಾಸ್ ಹೆಂಗ ಹಚ್ಚೂದು, ಯಾರಿಗೆ ಖಾರ ನಡಿಯಂಗಿಲ್ಲ, ಉಳದ ಅನ್ನ ಏನು ಮಾಡೂದು, ಇವೆಲ್ಲಾ ಒಬ್ಬಾಕಿ ತಲ್ಯಾಗ ಇರ್ತಾವ. ತಲಿ ಊರಾಗ ಬಿಟ್ಟು ಹೋಗಾಕ ಬರಂಗಿಲ್ಲ. ನನ್ನ ಮಾತು ಸಿಟ್ಟಿಂದು ಅಲ್ಲ, ಲೆಕ್ಕದ್ದು: ಒಲಿ ನಮ್ಮ ಜೋಡಿ ಬಂದ್ರ ಅದು ಹನ್ನೆರಡು ಮಂದಿಗೆ ಪ್ರವಾಸ, ಒಬ್ಬಾಕಿಗೆ ಊರು ಬದಲಿ ಅಷ್ಟ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಕೊಂಡು ಹೋಗೂದು ಬ್ಯಾರೆ, ಅಲ್ಲೆ ಒಲಿ ಹಚ್ಚೂದು ಬ್ಯಾರೆ. ಮತ್ತ ಬೇಲಿ ಇಲ್ಲದ ಹೊಂಡದ ಮಗ್ಗಲ ನಾಕು ವರ್ಷದ ಹುಡುಗನ್ನ ಇಟ್ಕೊಂಡು ಯಾರಿಗೆ ನಿದ್ದಿ ಬರ್ತೈತಿ ಹೇಳ್ರಿ. ಬಾಲಿನೂ ಬಿತ್ತು.

ಅವತ್ತು ರಾತ್ರಿ ಮಲಗಿದಾಗ ತಲ್ಯಾಗ ಹೊಕ್ಕಿತು: ನನಗ ಕೇಳದ ನನ್ನ ಕೈಗೆ ಲಟ್ಟಣಿಗಿ ಕೊಟ್ರು ಅಂತ ಇಷ್ಟು ಉರದೆನಲ್ಲ, ಅತ್ತೀಗೆ ನಾವು ಏನರೆ ಕೇಳೇವೇನು? "ಮನಿ ಕಾಯ್ತೇನಿ" ಅಂದ್ರು, ನಾವು ಬೀಗದ ಕೈ ಕೊಟ್ಟಬಿಟ್ವಿ.

ಆಮ್ಯಾಲ ಬ್ಯಾಸಗಿ ರಜಾಕ್ಕ ಹುಬ್ಬಳ್ಳಿಯಿಂದ ಮೈದುನನ ಮಗಳು ಬಂದು ನಾಕು ದಿನ ಇದ್ಲು. ಅಜ್ಜಿ ಜೋಡಿ ಮಲಗ್ತಾಳ. ಒಂದು ರಾತ್ರಿ ನೀರು ಕುಡಿಯಾಕ ಎದ್ದಾಗ ಅವರ ಕೋಣ್ಯಾಗ ಗುಸುಗುಸು ಕೇಳಿಸ್ತು. ಅತ್ತಿ ಕೇಳಾಕತ್ತಿದ್ರು, "ವಿಮಾನದಾಗ ಸಂಡಾಸ ಇರ್ತೈತೇನ ಬೇ? ಎದ್ದು ಹೋಗಾಕ ಬಿಡ್ತಾರೋ, ಪಟ್ಟಾ ಕಟ್ಟಿ ಕುಂಡರ್ಸಿಬಿಡ್ತಾರೋ?"

ನಾ ಬಾಗಲದಾಗ ನಿಂತುಬಿಟ್ಟೆ. ಹೋಗಾಕ ಮನಸ್ಸಿಲ್ಲದವರು ಇದನ್ನ ಯಾಕ ಕೇಳ್ತಾರ?

ಮರುದಿನ ಮಧ್ಯಾಹ್ನ ಇಬ್ಬರೂ ಹೆಸರುಕಾಳು ಹಸನ ಮಾಡ್ಕೊಂತ ಕುಂತಿದ್ವಿ. ಕೈಯಾಗ ಕೆಲಸ ಇದ್ದಾಗ ಕೇಳಬೇಕ್ರಿ ಇಂಥಾವೆಲ್ಲಾ, ಮಾರಿ ಮಾರಿ ನೋಡ್ಕೊಂತ ಕೇಳಿದ್ರ ಹಿರೇರು "ಏನಿಲ್ಲ ಬಿಡು" ಅಂತಾರ. "ಅತ್ತೀ, ನಿಮಗ ಬರಬೇಕು ಅನ್ನಿಸ್ತೈತೋ ಇಲ್ಲೋ? ನಮ್ಮ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ ಹೇಳ್ರಿ." ಭಾಳ ಹೊತ್ತು ಸುಮ್ನಿದ್ರು. ಆಮ್ಯಾಲ ಮೂರು ಮಾತು ಬಂದ್ವು, ಒಂದೊಂದು ಮುಷ್ಟಿ ಕಾಳಿಗೆ ಒಂದೊಂದರಂಗ.

ಮೊದಲನೇದು ಸಂಡಾಸಿಂದು. ರಾತ್ರಿ ಮೂರು ಸರ್ತಿ ಏಳಬೇಕಾಗ್ತೈತಿ, ಮಂದಿ ಮುಂದ ಮಾನ ಹೋದ್ರ ಹೆಂಗ ಅನ್ನೂ ಅಂಜಿಕಿ. ಎರಡನೇದು, "ಅಲ್ಲೇ ಏನರೆ ಹೆಚ್ಚುಕಮ್ಮಿ ಆದ್ರ ನನ್ನ ಮಣ್ಣು ಇಲ್ಲಿಗೆ ತರಾಕ ಆಗ್ತೈತೇನು? ನಿಮ್ಮ ಮಾವನ ಮಗ್ಗಲ ಹೊಲದಾಗ ಜಾಗಾ ಇಟ್ಟೈತಿ." ಮೂರನೇದು ಹೇಳೂ ಮುಂಚೆ ಮೊರ ಕೆಳಗ ಇಟ್ರು. "ಎಲ್ಲಾರೂ ಅಂದ್ರಿ. ನನ್ನ ಮಗಳು ಎಲ್ಲಾರಾಗ ಇಲ್ಲೇನು?"

ನನ್ನ ನಾದಿನಿ ಗದಗಿನ್ಯಾಗ ಇರ್ತಾಳ. ಗಂಡ ಪ್ರಾಥಮಿಕ ಸಾಲಿ ಮಾಸ್ತರ. ಹದಿಮೂರು ಮಂದಿ ಲೆಕ್ಕ ಹಾಕಿದ್ವಿ, ಕೈಗೂಸು ಬಿಡದಂಗ ಎಣಿಸಿದ್ವಿ, ಆಕಿ ಹೆಸರು ಒಬ್ಬರ ಬಾಯಾಗೂ ಬಂದಿರಲಿಲ್ಲ. ಕೊಟ್ಟ ಹೆಣ್ಣುಮಗಳು ಅಂತ ನಾವು ಯಾರೂ ಬೇಕಂತ ಬಿಟ್ಟಿದ್ದಲ್ಲ, ನೆನಪ ಆಗಲಿಲ್ಲ. ಅದು ಇನ್ನೂ ಕೆಟ್ಟದ್ದು. ನಾನೂ ಒಂದು ಮನಿಯ ಕೊಟ್ಟ ಹೆಣ್ಣುಮಗಳ ಅಲ್ಲೇನು?

"ಅವರಿಬ್ಬರ ಖರ್ಚು ಯಾರು ಹಾಕ್ತಾರ ಅತ್ತೀ" ಅಂತ ನಾ ಕೇಳೂ ಮುಂಚೇನ ಅವರು ಎದ್ದು ಹೋಗಿ ಟ್ರಂಕಿನ್ಯಾಗಿಂದ ಪಾಸ್‌ಬುಕ್ ತಂದ್ರು. ನಮ್ಮ ಮಾವನವರು ಕನ್ನಡ ಸಾಲಿ ಮಾಸ್ತರ ಇದ್ರು, ಅವರ ಹಿಂದ ಅತ್ತೀಗೆ ಕುಟುಂಬ ಪಿಂಚಣಿ ಬರ್ತೈತಿ. ಅದರಾಗ ಮೊಮ್ಮಕ್ಕಳಿಗೆ ಹಬ್ಬಕ್ಕ ನೂರು ಇನ್ನೂರು, ಮಠಕ್ಕ ಒಂದಿಷ್ಟು ಬಿಟ್ರ ಬ್ಯಾರೆ ಖರ್ಚಿಲ್ಲ. ನಮ್ಮ ಯಜಮಾನ್ರು ಬ್ಯಾಂಕಿನ್ಯಾಗ ಇದ್ದು ರಿಟೈರ್ ಆದವರು. ವರ್ಷಾ ವರ್ಷಾ ಈ ಪುಸ್ತಕ ಎಂಟ್ರಿ ಮಾಡಿಸ್ಕೊಂಡು ಬಂದವರೂ ಅವರ. ಮೂರು ಮಂದಿ ಗಂಡಸರು ಗುಂಪಿನ್ಯಾಗ ಅವ್ವನ ಖರ್ಚು ಮೂರು ಪಾಲು ಮಾಡೂದು ಹೆಂಗ ಅಂತ ಎಂಟು ದಿನ ಚರ್ಚಾ ಮಾಡಿದ್ರು. ಅವ್ವನ ಕಡೆ ತಂದು, ಮಗಳದ್ದು, ಅಳಿಯಂದು ಮೂರೂ ಕೊಡೂವಷ್ಟು ರೊಕ್ಕ ಇತ್ತು. ಯಾರೂ ಕೇಳಿರಲಿಲ್ಲ.

ರೊಕ್ಕದ ಮಾತು ಬಂತು ಅಂತ ಇನ್ನೊಂದು ಹೇಳ್ತೇನಿ. ಹುಬ್ಬಳ್ಳಿ ಮೈದುನಂದು ಹಾರ್ಡ್‌ವೇರ್ ಅಂಗಡಿ. ಯುರೋಪಿನ ಮಾತು ನಡದಾಗ ಅವನು ಗುಂಪಿನ್ಯಾಗ ಬರೇ ಹೆಬ್ಬೆಟ್ಟಿನ ಚಿತ್ರ ಹಾಕ್ತಿದ್ದ, ಮಾತಿಲ್ಲ. ನಾವು ಒಪ್ಪಿಗಿ ಅಂತ ತಿಳ್ಕೊಂಡ್ವಿ. ಒಂದಿನ ನೆಗೆಣ್ಣಿ ಫೋನ್ ಮಾಡಿ ಬ್ಯಾರೆ ಏನೇನೋ ಮಾತಾಡಿ ಕಡೀಕ ಅಂದ್ಲು, "ಅಕ್ಕಾ, ಮಗನ ಫೀ ಕಟ್ಟೂದೈತಿ, ಅಂಗಡ್ಯಾಗ ಉದ್ರಿ ಭಾಳ ನಿಂತೈತಿ. ಯುರೋಪು ಅಂದ್ರ ನಮ್ಮ ನಾಕು ಮಂದೀದು ಹೆಂಗ? ನಾ ಹೇಳಿದ್ದು ಅಂತ ಮಾತ್ರ ಹೇಳಬ್ಯಾಡ." ಯುರೋಪು ಬಿದ್ದಿದ್ದು ಇಲ್ಲೆ. "ಅತ್ತೀ ಮೊಳಕಾಲಿಗೆ ಆಗಂಗಿಲ್ಲ" ಅಂತ ನಾ ಗುಂಪಿನ್ಯಾಗ ಬರದೆ. ಪಾಪ, ಅತ್ತೀ ಮೊಳಕಾಲು ಒಂದು ಮನಿಯ ಮಾನ ಉಳಿಸ್ತು. ನಾ ಹೇಳೂದು ಇಷ್ಟ: ರೊಕ್ಕದ ಮಾತು ಎಲ್ಲಾರ ಮುಂದ ಗುಂಪಿನ್ಯಾಗ ಕೇಳಬಾರದು. ಎಲ್ಲಾರ ಮುಂದ "ಆಗಂಗಿಲ್ಲ" ಅನ್ನಾಕ ಯಾವ ಗಂಡಸಿಗೂ ಬಾಯಿ ಬರಂಗಿಲ್ಲ. ಒಬ್ಬರು, ನಂಬಿಕಿ ಇದ್ದವರು, ಒಬ್ಬೊಬ್ಬರಿಗೆ ಫೋನ್ ಮಾಡಿ "ನಿಮ್ಮ ಕೈಲೆ ಎಷ್ಟು ಆಗ್ತೈತಿ" ಅಂತ ಕೇಳಿ, ಎಲ್ಲಾರಕಿಂತ ಕಡಿಮಿ ಯಾರು ಹೇಳಿದ್ರೋ ಆ ಲೆಕ್ಕಕ್ಕ ಊರು ಆರಿಸಬೇಕು. ಹೆಚ್ಚಿಗಿ ಇದ್ದವರು ಅಲ್ಲೆ ಹೋಗಿ ಬೇಕಾದ್ದು ಕೊಂಡ್ಕೊಳ್ಳಿ.

ಹಂಗ ಕೇಳಿಕೊಂತ ಹೋದಾಗ ಸಿಂಗಾಪುರ ಬಂತು. ಬೆಂಗಳೂರಿಂದ ವಿಮಾನ ನಾಕೂವರಿ ತಾಸು. ನಮ್ಮಕಿಂತ ಎರಡೂವರಿ ತಾಸು ಮುಂದ ಅಷ್ಟ, ಹಂಗಾಗಿ ಗುಳಗಿ ಹೊತ್ತು ಭಾಳ ಏರುಪೇರು ಆಗಂಗಿಲ್ಲ. ಊರಾಗ ಓಡಾಡೂ ಎಂಆರ್‌ಟಿ ರೈಲಿನ ಎಲ್ಲಾ ನಿಲ್ದಾಣದಾಗೂ ಲಿಫ್ಟ್ ಅದಾವ, ಮೆಟ್ಟಲಾ ಹತ್ತೂ ಗೊಡವಿ ಇಲ್ಲ. ಸೆರಂಗೂನ್ ರಸ್ತೆ ಕಡೆ ಲಿಟಲ್ ಇಂಡಿಯಾ ಅಂತ ಐತಿ, ಅಲ್ಲೆ ಇಡ್ಲಿ, ದೋಸಿ, ಅನ್ನ ಸಾರು ಎಲ್ಲಾ ಸಿಗ್ತಾವ. ನಮ್ಮ ಬೆಂಗಳೂರಿನ ಎಂಟಿಆರ್‌ದ್ದೂ ಒಂದು ಹೋಟೆಲ್ ಐತಿ. ಹೋಟೆಲ್ ಆರಿಸಿದ್ದು ಅಲ್ಲೇ ಹಂತ್ಯಾಕ. ಯಾರ ಕೈಗೂ ಲಟ್ಟಣಿಗಿ ಇಲ್ಲ.

ಒಂದು ಮನಿ ಅಂದ ಮ್ಯಾಲ ಎಲ್ಲಾರೂ ಎಲ್ಲಾ ಕಡೆ ಕೂಡೇ ಹೋಗಬೇಕು ಅನ್ನೂ ಹಟ ಬಿಟ್ಟೇವಿ. ಹರೇದ ಮಕ್ಕಳು ಸೆಂಟೋಸಾಕ್ಕ ಹೋಗಿ ಕಿರಚಾಡೂ ಆಟ ಆಡ್ಲಿ. ಅವತ್ತು ಮುಂಜಾನೆ ನಾವು ಬೊಟಾನಿಕ್ ಗಾರ್ಡನ್ಸಿಗೆ. 1859ರಾಗ ಹುಟ್ಟಿದ ತೋಟ ಅದು, 2015ರಾಗ ಯುನೆಸ್ಕೋ ಪಟ್ಟಿಗೆ ಸೇರೈತಿ. ಒಳಗಿನ ಆರ್ಕಿಡ್ ತೋಟ ಒಂದು ಬಿಟ್ರ ಪುಕ್ಕಟ, ಮುಂಜಾನೆ ಐದಕ್ಕ ತಗೀತಾರ. ನಾಕಕ್ಕ ಎದ್ದು ಕೂಡೂ ಅತ್ತೀಗೆ ಇದಕಿಂತ ಛಲೋ ಜಾಗಾ ಎಲ್ಲೆ ಸಿಗಬೇಕು! ರಾತ್ರಿ ಪ್ರಾಣಿ ನೋಡೂ ನೈಟ್ ಸಫಾರಿಗೆ ಎಲ್ಲಾರೂ ಕೂಡೇ, ಯಾಕಂದ್ರ ಅಲ್ಲೆ ಟ್ರಾಮ್ ಗಾಡ್ಯಾಗ ಕುಂತ ನೋಡಬಹುದು. 1827ರಾಗ ಕಟ್ಟಿದ ಮಾರಿಯಮ್ಮನ ಗುಡಿ ಐತಿ, ಆ ಊರಿನ ಎಲ್ಲಾಕಿಂತ ಹಳೇ ಹಿಂದೂ ಗುಡಿ ಅದು, ಅಲ್ಲಿಗೂ ಎಲ್ಲಾರೂ. ದಿನಕ್ಕ ಒಂದು ಕೂಡಿ ನೋಡೂದು, ಉಳದ ಹೊತ್ತು ಅವರವರಿಗೆ ಬಿಟ್ಟಿದ್ದು. ಮಧ್ಯಾಹ್ನ ಎರಡು ತಾಸು ಮಲಗೂದು ಪಟ್ಟಿಯೊಳಗ ಬರದ ಇಟ್ಟೇವಿ, ಯಾರೂ ಕಸಕೊಳ್ಳಂಗಿಲ್ಲ.

ತಿಥಿ ಹಿಡಿಯೂದ್ರಾಗೂ ಕೇಳಿದ್ದು ಛಲೋ ಆತು. ಮಗ ದಸರಾ ರಜಾದಾಗ ಅಂತ ಟಿಕೀಟು ತಗಸಾಕ ಕುಂತಿದ್ದ. ನಮ್ಮನಿಯೊಳಗ ಒಂಬತ್ತು ದಿನ ದೀಪ ಆರಬಾರದು, ಅತ್ತಿ ಹೊಸ್ತಲಾ ದಾಟಂಗಿಲ್ಲ. ಬನ್ನಿ ಮುಡದು ಮೂರನೇ ದಿನಕ್ಕ ಹೊರಡೂದು ಅಂತ ಆತು. ಅಷ್ಟೊತ್ತಿಗೆ ಲಿಟಲ್ ಇಂಡಿಯಾದಾಗ ದೀಪಾವಳಿದು ದೀಪದ ಅಲಂಕಾರನೂ ಸುರು ಆಗಿರ್ತೈತಿ.

ಇನ್ನ ಅತ್ತೀ ಅಂಜಿಕಿಗೆ ಏನು ಮಾಡಿದ್ವಿ ಅಂದ್ರ, ಇದನ್ನ ನೀವು ಬರದ ಇಟ್ಕೊರ್ರಿ, ಉಪಯೋಗ ಬೀಳ್ತೈತಿ. ವಿಮಾನದಾಗ ಸಂಡಾಸದ ಹಂತ್ಯಾಕ, ನಡು ಹಾದಿ ಮಗ್ಗಲಿನ ಸೀಟು ಕೇಳಿ ತಗೊಂಡೇವಿ, ಬಾಜೂಕ ನಾದಿನಿ. ರಾತ್ರಿ ವಿಮಾನ ತುಸು ಸೋವಿ ಇತ್ತು. ಆದ್ರ ಅದು ಮುಂಜಾನೆ ಹೋಗಿ ಮುಟ್ಟಿಸ್ತೈತಿ, ಹೋಟೆಲಿನವರು ಕೋಣಿ ಕೊಡೂದು ಮಧ್ಯಾಹ್ನ ಎರಡು ಮೂರಕ್ಕ. ಅಷ್ಟು ಹೊತ್ತು ನಿದ್ದಿಗೆಟ್ಟ ಮುದುಕಿ, ಕೂಸು ಎಲ್ಲೆ ಕೂಡಬೇಕು? ಹಗಲ ವಿಮಾನ ತಗಸಿದ್ವಿ, ಸಂಜೀಕ ಹೋಗಿ ಸೀದಾ ಹಾಸಿಗಿ. ಕೋಣಿ ಬುಕ್ ಮಾಡೂ ಮುಂದ ಬಚ್ಚಲದಾಗ ಬಾತ್‌ಟಬ್ ಐತೋ, ಬರೇ ಶವರ್ ಐತೋ ಕೇಳ್ರಿ. ಟಬ್ಬಿನ ಎತ್ತರದ ಅಂಚು ದಾಟಾಕ ಹೋಗಿ ಹಿರೇರು ಜಾರಿ ಬೀಳ್ತಾರ. ಒಂದು ಸಣ್ಣ ಪ್ಲಾಸ್ಟಿಕ್ ಚಂಬು ಬ್ಯಾಗಿನ್ಯಾಗ ಇರ್ಲಿ, ಯಾಕ ಅಂತ ನಾ ಬಿಡಿಸಿ ಬರಿಯಂಗಿಲ್ಲ.

ವಿಮಾನ ನಿಲ್ದಾಣದಾಗ ಗಾಲಿ ಕುರ್ಚಿ ಬೇಕಂದ್ರ ವಿಮಾನದವರು ರೊಕ್ಕ ಇಲ್ಲದ ಕೊಡ್ತಾರ, ಎರಡು ದಿನ ಮೊದಲ ಹೇಳಿರಬೇಕು. ಅತ್ತಿ ಸಿಟ್ಟಾದ್ರು: "ನಾ ಏನು ಹೆಳವಿ ಏನು?" ಅವರ ಮಾತೂ ಖರೇನ, ಮನ್ಯಾಗ ಇನ್ನೂ ತಾವ ನೀರು ಸೇದ್ತಾರ. ಕಡೀಕ ನಮ್ಮ ಯಜಮಾನ್ರು, "ಅವ್ವಾ, ನನ್ನ ಮೊಳಕಾಲೂ ನೋಯ್ತಾವ, ಎರಡು ಕುರ್ಚಿ ಹೇಳೂಣು, ಇಬ್ಬರೂ ಕೂಡೂಣು" ಅಂದ್ರು. ಅವಾಗ ಒಪ್ಪಿದ್ರು. ಮೂವತ್ತು ವರ್ಷದಾಗ ಇವರು ಆಡಿದ ಒಳ್ಳೇ ಮಾತಿನ್ಯಾಗ ಇದೂ ಒಂದು.

ಮಣ್ಣಿನ ಮಾತು ಅಂದ್ರಲ್ಲ, ಅದನ್ನ ನಾ ನಕ್ಕು ತಳ್ಳಿ ಹಾಕಲಿಲ್ಲ. ಪ್ರವಾಸದ ವಿಮಾ ಕಾಗದ ಓದಿಸಿದ್ವಿ. ಅಂಥಾ ವಿಮಾದಾಗ, ಹೊರದೇಶದಾಗ ಜೀವ ಹೋದ್ರ ದೇಹ ಊರಿಗೆ ತರೂ ಖರ್ಚು ಅಂತ ಒಂದು ಕಲಮು ಇರ್ತೈತಿ. ನಾವು ತಗೊಂಡಿದ್ರಾಗ ಅದು ಐತೋ ಇಲ್ಲೋ ನೋಡೇ ತಗೊಂಡ್ವಿ. ಎಪ್ಪತ್ತು ದಾಟಿದವರಿಗೆ ಕಂತು ಜಾಸ್ತಿ ಬೀಳ್ತೈತಿ, ಬೀಳ್ಲಿ. ಬಿಪಿ ಐತಿ ಅನ್ನೂದನ್ನ ಮುಚ್ಚಿಡಬ್ಯಾಡ್ರಿ, ಮುಚ್ಚಿಟ್ರ ಮುಂದ ಅದ ನೆವ ಮಾಡಿ ರೊಕ್ಕ ಕೊಡಂಗಿಲ್ಲ. ಕುಂತು ಆ ಕಲಮು ಅತ್ತೀಗೆ ಕನ್ನಡದಾಗ ಓದಿ ಹೇಳಿದೆ. ಅವರು ಪೂರಾ ಕೇಳಿ, "ಹಂಗಾರ ಚಿಂತಿಲ್ಲ" ಅಂದು ಎಲಿ ಮಡಚಾಕತ್ತಿದ್ರು. ಡಾಕ್ಟರ್ ಕಡೆ ಹೋಗಿ ತೋರಿಸ್ಕೊಂಡು, ಗುಳಗಿ ಹೆಸರು ಬರಸ್ಕೊಂಡು ಬಂದೇವಿ. ಡಾಕ್ಟರ್ ಬ್ಯಾಡ ಅಂದಿದ್ರ ಅಥವಾ ಅತ್ತೀನ ಎಲ್ಲಾ ಕೇಳಿದ ಮ್ಯಾಲ ಬ್ಯಾಡ ಅಂದಿದ್ರ ನಾ ಮರುಮಾತಿಲ್ಲದ ಬಿಡ್ತಿದ್ದೆ. ಒತ್ತಾಯ ಮಾಡಿ ಕರ್ಕೊಂಡು ಹೋಗೂದೂ ಕೇಳದ ಬಿಟ್ಟು ಹೋಗೂದೂ ಎರಡೂ ಒಂದ. ಈಗ ಹುಡುಗರು ಅರವತ್ತಕ್ಕ, ಎಪ್ಪತ್ತಕ್ಕ ಸರ್‌ಪ್ರೈಜ್ ಅಂತ ಟಿಕೀಟು ಕೈಗೆ ಇಡ್ತಾರಲ್ಲ, ಅದೂ ನನಗ ಸೇರಂಗಿಲ್ಲ. ಫೋಟೋದಾಗ ಕಣ್ಣೀರು ಛಲೋ ಕಾಣ್ತಾವ, ಆದ್ರ ಆ ಮುದುಕರಿಗೆ ರಾತ್ರಿ ಎಷ್ಟು ಸರ್ತಿ ಏಳಬೇಕಾಗ್ತೈತಿ ಅಂತ ಆ ಟಿಕೀಟಿಗೆ ಗೊತ್ತಿರಂಗಿಲ್ಲ.

ಕಾಗದ ಪತ್ರದ ಕೆಲಸ ಆಗೇಬಿಡ್ತೈತಿ ಅಂತ ತಿಳ್ಕೊಬ್ಯಾಡ್ರಿ. ಅತ್ತೀ ಹೆಸರು ಆಧಾರಿನ್ಯಾಗ "ಅವ್ವ" ಅಂತ ಮುಗೀತೈತಿ, ಪಿಂಚಣಿ ಪುಸ್ತಕದಾಗ "ಬಾಯಿ" ಅಂತ. ಹುಟ್ಟಿದ ದಿನ ಯಾರಿಗೆ ಗೊತ್ತು, ಜನವರಿ 1 ಅಂತ ಬರದಾರ. ಅದನ್ನೆಲ್ಲಾ ಒಂದಕ್ಕ ಹೊಂದಿಸಿ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕ ಹೋಗಿ ಬರೂದ್ರಾಗ ಒಂದೂವರಿ ತಿಂಗಳು ಹೋತು. ಅರವತ್ತು ದಾಟಿದವರಿಗೆ ಹೊಸಾ ಪಾಸ್‌ಪೋರ್ಟಿನ ಫೀಸಿನ್ಯಾಗ ನೂರಕ್ಕ ಹತ್ತು ರಿಯಾಯಿತಿ ಐತಿ, 1,500 ಇದ್ದದ್ದು 1,350 ಆತು. ಪೊಲೀಸಪ್ಪ ವಿಚಾರಣೆಗೆ ಬಂದಾಗ ಅತ್ತಿ ಚಾ ಕೊಟ್ಟು, ಅವನ ಊರು, ಅವನ ಅವ್ವನ ಊರು ಎಲ್ಲಾ ವಿಚಾರಣೆ ಮಾಡಿ ಕಳಿಸಿದ್ರು. ಮಕ್ಕಳ ಪಾಸ್‌ಪೋರ್ಟ್ ನಮ್ಮಂಗ ಹತ್ತು ವರ್ಷ ನಡಿಯಂಗಿಲ್ಲ, ಐದ ವರ್ಷ. ಸಣ್ಣ ಮೈದುನನ ಮಗಳದ್ದು ಮುಗಿಯಾಕ ಬಂದಿತ್ತು, ಕಂಪನಿ ಕೆಲಸದವರು ಇಬ್ಬರಿಗೂ ಲಕ್ಷ್ಯ ಇರಲಿಲ್ಲ. ಹೋಗೂ ದಿನದಿಂದ ಆರು ತಿಂಗಳಾದ್ರೂ ಉಳದಿರಬೇಕು. ಸಿಂಗಾಪುರಕ್ಕ ನಮ್ಮವರಿಗೆ ವೀಸಾ ಬೇಕ ಬೇಕು, ಏಜೆಂಟರ ಕಡೆಯಿಂದ ಹಾಕಿಸೂದು. ಅದಲ್ಲದ ಅರೈವಲ್ ಕಾರ್ಡ್ ಅಂತ ಒಂದು ಐತಿ, ಮುಟ್ಟೂ ಮೂರು ದಿನದೊಳಗ ಫೋನಿನ್ಯಾಗ ತುಂಬೂದು, ಅದು ಪುಕ್ಕಟ. ರೊಕ್ಕ ಕೇಳೂ ಜಾಲತಾಣ ಬಂದ್ರ ಅದು ಖೊಟ್ಟಿ ಅಂತ ತಿಳೀರಿ.

ಬುತ್ತಿ ಕಟ್ಟೂದ್ರಾಗ ಮಾತ್ರ ನನ್ನ ಜಾಣತನ ನಡೀಲಿಲ್ಲ. ಅನಾರಸ ಮಾಡೂಣು ಅಂತಿದ್ದೆ, ಗಸಗಸಿ ಹಚ್ಚಿದ್ದು. ಗಸಗಸಿ ಅಲ್ಲೆ ಮಾದಕ ವಸ್ತುವಿನ ಕಾನೂನಿನ್ಯಾಗ ಬರ್ತೈತಂತ! ಒಣಕೊಬ್ಬರಿ ಲಗೇಜಿನ್ಯಾಗ ಇಡಂಗಿಲ್ಲ, ಎಣ್ಣಿ ಅಂಶಕ್ಕ ಬೆಂಕಿ ಭಯ. ಚೂಯಿಂಗ್ ಗಮ್ ಆ ದೇಶದೊಳಗ ತರಂಗಿಲ್ಲ, ಇದಕ್ಕ ಮೊಮ್ಮಕ್ಕಳ ಮಾರಿ ಇಳೀತು. ತಿನ್ನೂ ತಂಬಾಕನೂ ಬಂದಿ. ಇದಕ್ಕ ಅತ್ತೀ ಮಾರಿ ಇಳೀತು. ಎಲಿ ಅಡಿಕಿ ಜೋಡಿ ಒಂಚೂರು ತಂಬಾಕ ಹಾಕ್ಕೊಳ್ಳೂದು ಅವರ ಅರವತ್ತು ವರ್ಷದ ಚಟ. ಮಕ್ಕಳು, ಮಾವನವರು, ಡಾಕ್ಟರು ಯಾರು ಹೇಳಿದ್ರೂ ಬಿಟ್ಟಿಲ್ಲ. ಮೈದುನ ಹಿಂದಿಂದ, "ಹೇಳಬ್ಯಾಡ್ರಿ ವೈನಿ, ಅಲ್ಲೆ ಹೋದಮ್ಯಾಲ ನೋಡೂಣು" ಅಂದ. ನಾ ಹೇಳಿದೆ. ಅಲ್ಲೆ ಹೋಗಿ ಕೈಯಾಗಿನ ಚಂಚಿ ಕಸಕೊಂಡ್ರ ಅವರಿಗೆ ಹೆಂಗಾಗಬ್ಯಾಡ? ಅತ್ತಿ ಒಂದಿನ ಮಾತಾಡಲಿಲ್ಲ. ಎರಡನೇ ದಿನ, "ಆರು ದಿನ ಅಲ್ಲೇನು? ಈಗಿಂದ ಕಡಿಮಿ ಮಾಡ್ತೇನಿ" ಅಂದ್ರು. ದಿನಕ್ಕ ಐದು ಇದ್ದದ್ದು ಈಗ ಎರಡಕ್ಕ ಬಂದೈತಿ. ನಾ ಎಣಸ್ತೇನಿ ಅಂತ ಅವರಿಗೆ ಗೊತ್ತಿಲ್ಲ.

ನಾದಿನಿಗೆ ಫೋನ್ ಮಾಡಿದ್ದೂ ಅತ್ತೀನ. "ನಿನ್ನ ಟಿಕೀಟು ನಂದು" ಅಂದ್ರು. ಆಕಿ ಅತ್ತ ಕಡೆಯಿಂದ ಏನೂ ಮಾತಾಡ್ಲಿಲ್ಲ, ಮೂಗು ಏರಿಸಿದ್ದು ಕೇಳಿಸ್ತು. ಆಕಿ ಗಂಡ ಮೊದಲ "ಅತ್ತೀ ರೊಕ್ಕದಾಗ ನಾ ಬರಂಗಿಲ್ಲ" ಅಂತ ಬಿಗದು ನಿಂತ್ರು. ಅವರದ್ದೂ ಮಾನ ಅಲ್ಲೇನ್ರಿ. ಆಮ್ಯಾಲ ತಮ್ಮ ಟಿಕೀಟಿನ ಅರ್ಧ ತಾವ ಹಾಕ್ತೇನಿ ಅಂತ ಒಪ್ಪಿದ್ರು. ನಾವು ಈಗ ಹದಿನೈದು. ಕೋಣಿ ಹಂಚಿದ್ವಿ, ಅವ್ವ ಮಗಳು ಒಂದು ಕೋಣ್ಯಾಗ. ಅಳಿಯಗ ಮೈದುನನ ಮಗನ ಜೋಡಿ ಹಾಕೇವಿ, ಅವರು ಗೊರಕಿ ಹೊಡೀತಾರಂತ, ಆ ಹುಡುಗಗ ಇನ್ನೂ ಹೇಳಿಲ್ಲ. ಅವನನ್ನೊಬ್ಬನ್ನ ಕೇಳಿಲ್ಲ ನೋಡ್ರಿ.

ಮನಿ ಯಾರು ಕಾಯ್ತಾರ ಅಂತ ಕೇಳಿದ್ರಿ. ಎದುರು ಮನಿ ಅಕ್ಕಾರ ತುಳಸಿಗೆ ನೀರು ಹಾಕ್ತೇನಿ ಅಂದಾರ. ಬೀಗದ ಕೈ ಅವರ ಕಡೆ.

ಗಣಪತಿ ಕಳಿಸಿ ಆತು, ಈ ವಾರ ವೀಸಾದ ಫೋಟೋ ತಗಸೂದು ಐತಿ. ಬಿಳೇ ಗೋಡಿ ಹಿಂದ ಇರ್ತೈತಿ, ಬಿಳೇ ಅರಿವಿ ಹಾಕ್ಕೊಂಡು ಬರಬ್ಯಾಡ್ರಿ ಅಂತ ಸ್ಟುಡಿಯೋದ ಹುಡುಗ ಹೇಳ್ಯಾನ. ಮಾವನವರು ಹೋದಾಗಿಂದ ಅತ್ತಿ ಮಾಸಲು ಬಣ್ಣದ ಸೀರಿ ಬಿಟ್ಟು ಉಟ್ಟಿಲ್ಲ. ನಿನ್ನೆ ಸಂಜೀಕ ಟ್ರಂಕಿನ ತಳದಾಗಿಂದ ಹಸರು ಇಳಕಲ್ ಸೀರಿ ತಗದು ಹೊರಸಿನ ಮ್ಯಾಲ ಹಾಸಿದ್ರು. "ಇದು ಆದೀತೇನ ನೋಡು" ಅಂದ್ರು. ನುಶಿ ಗುಳಗಿ ವಾಸನಿ ಹೊಡೀತಿತ್ತು. ಇವತ್ತು ಮುಂಜಾನೆ ಹಗ್ಗಕ್ಕ ಹಾಕಿ ಬಂದೇನಿ, ಬಿಸಲು ಛಲೋ ಐತಿ.